ಧೂಳಪ್ಪ ಸುರಿಸಿದ ಮಳೆ

ತಾಯಿ ಮೊರದಲ್ಲಿ ತೊಗರಿಬೇಳೆ ಕೇರುವ ಸದ್ದು ಕೇಳಿದರೆ ಸಾಕು, ಧೂಳಪ್ಪನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಸರ್ರ್... ದೂರದ ಯಾವುದೋ ಕೋಟೆಯ ಮೇಲೆ ಮಳೆ ಬಿದ್ದಂತೆ. ಅಪ್ಪ ವಿಶ್ವನಾಥಪ್ಪ ಉದಗೀರದ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಜೋಳದ ವ್ಯಾಪಾರಿ. ಮಗ ಅಡಿಗೆಮನೆಯಲ್ಲಿ ಮೋಡದ ವ್ಯಾಪಾರಿ.

ಊರಿಗೆ ಮೂಕಿ ಸಿನಿಮಾದ ತಂಬೂ ಬಂದಿತ್ತು. ಪರದೆಯ ಹಿಂದೆ ಕೂತು ಸದ್ದು ಮಾಡುವವನು ಜ್ವರ ಬಂದು ಮಲಗಿದ್ದ. ತಂಬೂ ಮಾಲಕ ಅಂಬಾದಾಸ ಬೆಳಿಗ್ಗೆಯೇ ಆ ಕೆಲಸವನ್ನು ಧೂಳಪ್ಪನಿಗೆ ಒಪ್ಪಿಸಿ ಹೇಳಿದ್ದ:

"ಇವತ್ತ ಖೇಲ್ ಛಲೋ ಆದ್ರ ನಿನಗ ಹೈದರಾಬಾದಿಗಿ ಕರಕೊಂಡು ಹೋಗ್ತೀನಿ ಬಾಬಾ. ಇಲ್ಲಂದ್ರ ಜ್ವಾಳದ ಚೀಲಾನೇ ನಿನ್ನ ನಸೀಬ!"

ಧೂಳಪ್ಪ ಹಿತ್ತಲಲ್ಲಿ ತೆಂಗಿನ ಪರಟಿಗಳನ್ನು ಕಲ್ಲಿಗೆ ಕುಟ್ಟಿ ಕುದುರೆ ಓಡಿಸಿದ. ನೆರೆಮನೆಯ ರಾಚಯ್ಯ ತಹಶೀಲ್ದಾರರೇ ಬಂದರೆಂದು ರುಮಾಲು ಸುತ್ತುತ್ತ ಓಡಿಬಂದು, ಖಾಲಿ ಬೀದಿಗೆ ಬಗ್ಗಿ ಸಲಾಮು ಹೊಡೆದ. ತಗಡು ಬಡಿದು ಗುಡುಗಿಸಿದರೆ ಎಮ್ಮೆ ಹಾಲಿನ ಚರಿಗೆ ಒದ್ದಿತು.

"ಏ ಧೂಳ್ಯಾ, ಕೇರೋ ಮರಾ, ಬ್ಯಾಳಿ ಎಲ್ಲಾ ಹೊತ್ಕೊಂಡು ಎಲ್ಲಿ ಹೊಂಟಿ? ಅಡಗಿ ನಿನ್ನ ತಲಿ ಮ್ಯಾಲ ಮಾಡ್ಲೇನು?" ಎಂದು ತಾಯಿ ಕೂಗಿದಳು.

"ಇವತ್ತೊಂದಿನ, ಯವ್ವಾ! ಹೈದರಾಬಾದಿಂದ ನಿನಗ ಬೆಳ್ಳಿ ಮರಾ ತರ್ತೀನಿ!"

ಸಂಜೆ ಗಂಜಿನ ವ್ಯಾಪಾರಿಗಳೆಲ್ಲ ಹೊಸ ಜೋಳದ ರಾಶಿಗಳನ್ನು ಬಯಲಲ್ಲೇ ಬಿಟ್ಟು ತಂಬೂ ಸೇರಿದರು. ಪರದೆಯ ಮೇಲೆ ರಾಜಕುಮಾರಿ ಕೋಟೆಯ ತುದಿಯಲ್ಲಿ ನಿಂತು ಅತ್ತಳು. ಮೋಡ ಕವಿಯಿತು. ಧೂಳಪ್ಪ ಕಣ್ಣು ಮುಚ್ಚಿ ಮೊರ ಆಡಿಸಿದ. ಸರ್ರ್... ರಾಜಕುಮಾರಿಯ ಸೆರಗು ಒದ್ದೆಯಾಯಿತು, ಅವನ ಮೈ ತಣ್ಣಗಾಯಿತು, ಹೈದರಾಬಾದಿನ ದೀಪಗಳೆಲ್ಲ ಆ ಮಳೆಯಲ್ಲಿ ತೇಲಿಬಂದವು.

"ಮಳಿ ಬಂತು! ಜ್ವಾಳಾ ಮುಚ್ರೋ!" ರಾಚಯ್ಯ ಚೀರಿದ. ಗಂಜಿಗೆ ಗಂಜೇ ಎದ್ದು ಓಡಿತು. ಅಂಬಾದಾಸನೂ ಖೇಲ್ ನಿಲ್ಲಿಸಿ, ಹೊರಗಿದ್ದ ರೀಲಿನ ಪೆಟ್ಟಿಗೆಗಳನ್ನು ಮುಚ್ಚಲು ಓಡಿದ.

ಖಾಲಿ ತಂಬೂವಿನಲ್ಲಿ ಒಬ್ಬರು ಮಾತ್ರ ಕದಲಲಿಲ್ಲ. ವಿಶ್ವನಾಥಪ್ಪನವರು ಮೀಸೆಯಲ್ಲೇ ನಕ್ಕರು. ಮನೆಯ ಮೊರದ ಸದ್ದು ಅವರಿಗೆ ಗೊತ್ತಿಲ್ಲವೇ? "ಹುಚ್ಚ ಮಂದಿ! ಇದು ನಮ್ಮ ಧೂಳ್ಯಾನ ಮಳಿ. ಶಾಬಾಸ್ ಮಗನ!" ಎಂದರು ಗಟ್ಟಿಯಾಗಿ. ಅಪ್ಪನ ಬಾಯಿಂದ ಅಂಥ ಮಾತು ಧೂಳಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೊರ ಇನ್ನೂ ಜೋರಾಗಿ ಆಡಿಸಿದ.

ಅಷ್ಟರಲ್ಲಿ ನಿಜವಾದ ಮಳೆ ಧೋ ಎಂದು ಸುರಿಯಿತು. ಊರಿನ ರಾಶಿಗಳೆಲ್ಲ ಬೆಚ್ಚಗಿದ್ದವು. ವಿಶ್ವನಾಥಪ್ಪನವರ ಜೋಳ ಮಾತ್ರ ಅಂಬಲಿಯಾಯಿತು.

ಮಳೆ ನಿಂತ ಮೇಲೆ ಮಂದಿ ತಂಬೂವಿಗೆ ಮರಳಿದರು, ಅಂಬಾದಾಸ ಕೆಂಡವಾಗಿ ಬಂದ. "ಏನೋ ಕಾಮಚೋರ, ಖರೇ ಮಳಿ ಬಂತಂತ ನೀ ಸುಮ್ನ ಕುಂತಿ! ನಿನ್ನ ಸದ್ದ ಒಂದರೇ ಕೇಳಿಸ್ತೇನು?"

"ಮೊದಲಿನ ಮಳಿ ನಂದೇ ರೀ ಸಾಹೇಬ್ರ!" ಧೂಳಪ್ಪ ಮೊರ ಆಡಿಸಿ ತೋರಿಸಿದ. ತಂಬೂ ಸೋರಿ ಬೇಳೆ ನೆನೆದಿತ್ತು. ಪಚಕ್ ಎಂದಿತು. ಮಂದಿ ಗೊಳ್ಳೆಂದರು.

"ನಮ್ಮಪ್ಪಾರಿಗಿ ಕೇಳ್ರಿ! ಅವರಿಗಿ ಗೊತ್ತದ!"

ರಾಚಯ್ಯ ಹಲ್ಲು ಕಿರಿದ. "ಏನ್ರೀ ಶೇಟ್ಜಿ, ಮಗನ ಮಳಿ ಅಂತ ಗೊತ್ತಿದ್ದೇ ಕುಂತಿದ್ರೇನು? ಅದಕ್ಕೇ ಜ್ವಾಳಾ ತೊಯ್ಸಿಕೊಂಡ್ರಾ?"

ಇಡೀ ಗಂಜು ಕಿವಿ ನಿಮಿರಿಸಿತು. ಗಂಜಿನಲ್ಲಿ ಜೋಳ ಹೋದರೆ ಬರುತ್ತದೆ, ಪೆದ್ದನೆಂಬ ಹೆಸರು ಬಂದರೆ ಹೋಗುವುದಿಲ್ಲ. ವಿಶ್ವನಾಥಪ್ಪನವರು ಮಗನ ಮುಖ ನೋಡಿದರು, ರಾಚಯ್ಯನ ಹಲ್ಲು ನೋಡಿದರು, ರುಮಾಲು ಸರಿಮಾಡಿಕೊಂಡರು.

"ಮಗಂದ್ಯಾವ ಮಳಿ? ನಾ ಏನೂ ಕೇಳಿಲ್ಲಪಾ. ನನಗ ನಿದ್ದಿ ಹತ್ತಿತ್ತು."