ಬಿರುಗಾಳಿಯ ನಾಡಿ

ಬಿರುಗಾಳಿ ಬೆಳಗಿನ ವಾಕಿಂಗಿಗೆ ಹೊರಟರೆ ಅವನ ನೆರಳಿಗೇ ಅವನ ಜೊತೆ ಹೆಜ್ಜೆ ಹಾಕಲಾಗುತ್ತಿರಲಿಲ್ಲ. ಅದು ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿತ್ತು, ಅವನು ಗುಡ್ಡದ ನೆತ್ತಿ ಮುಟ್ಟಿ ಇಳಿದು ಬರುವಾಗ ಮತ್ತೆ ಕಾಲಿಗೆ ಅಂಟಿಕೊಳ್ಳುತ್ತಿತ್ತು. ಸುಳ್ಳಲ್ಲ, ಕಣ್ಣಾರೆ ಕಂಡವರಿದ್ದಾರೆ. ಅಂದರೆ ಒಬ್ಬರಿದ್ದಾರೆ. ಅಂದರೆ, ಬಿರುಗಾಳಿಯೇ.

ವಿದ್ಯುತ್ ಕಚೇರಿಯ ಟಪಾಲು ಗುಮಾಸ್ತನಾದ ಅವನಿಗೆ ಆ ಅಡ್ಡಹೆಸರು ಬಂದದ್ದೂ ಇಂಥ ಕತೆಗಳನ್ನು ದಿನಾ ಊದಿ ಊದಿಯೇ.

ಅನಾಹುತ ಶುರುವಾದದ್ದು ಎರಡು ಬೆರಳಿನಿಂದ. ಅಂದು ಕಚೇರಿಯಲ್ಲಿ ಹೃದಯ ತಪಾಸಣೆಯ ಶಿಬಿರ. ನರ್ಸಮ್ಮ ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡಿದರು. ಹುಬ್ಬು ಗಂಟಿಕ್ಕಿದರು. ಮತ್ತೊಮ್ಮೆ ಎಣಿಸಿದರು.

"ಮೇಡಂ, ಸ್ವಲ್ಪ ಬನ್ನಿ. ನಾಡಿ ಬರೀ ನಲವತ್ತಾರು!"

ಡಾಕ್ಟರಮ್ಮ ಬಂದರು. "ದಿನಾ ನಡೀತೀರಾ?"

ಅವನು ಬಾಯಿ ತೆರೆಯುವ ಮೊದಲೇ ಸಾಲಿನಲ್ಲಿದ್ದ ಅಕೌಂಟೆಂಟು ಮೂಗು ತೂರಿಸಿದ. "ಹೀಗೂ ಕೇಳೋದುಂಟಾ ಮೇಡಂ? ಇವರು ಬಿರುಗಾಳಿ! ಬೆಳಗಾದ್ರೆ ಗುಡ್ಡ ಹತ್ತಿ ಇಳೀತಾರೆ!"

ಡಾಕ್ಟರಮ್ಮನ ಮುಖ ಅರಳಿತು. "ಹಾಗಾದ್ರೆ ಭೇಷ್! ದಿನಾ ನಡೆಯೋರ ಹೃದಯ ಗಟ್ಟಿಯಾಗುತ್ತೆ. ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತೆ, ಅದಕ್ಕೇ ನಿಧಾನ. ನಡೆಯದೇ ಇರೋ ಮನುಷ್ಯನಿಗೆ ಈ ನಲವತ್ತಾರು ಇದ್ದಿದ್ರೆ ಮಾತ್ರ ನಾನು ಮನೆಗೆ ಬಿಡ್ತಿರ್ಲಿಲ್ಲ. ಇವತ್ತೇ ಅಡ್ಮಿಟ್. ಎದೆಗೆ ಮಷೀನ್ ಕೂರಿಸಬೇಕಾಗಿ ಬಂದರೂ ಬಂತು."

ಬಿರುಗಾಳಿ ತಲೆಯಾಡಿಸುತ್ತಲೇ ಮೆಲ್ಲಗೆ ಅಲ್ಲಿಂದ ಜಾರಿಕೊಂಡ. ಯಾಕೆಂದರೆ ಅವನು ಆ ಗುಡ್ಡವನ್ನು ಕಂಡದ್ದು ಕಚೇರಿಯ ಕಿಟಕಿಯಿಂದ ಮಾತ್ರ. ಮನೆಯಲ್ಲಿ ಹೆಂಡತಿ ಬೆಣ್ಣೆ ನಿಲ್ಲಿಸಿದ ದಿನದಿಂದ ಅವನ ವಾಕಿಂಗೆಲ್ಲ ಒಂದು ಬೇಕರಿಯ ಬೆಂಚಿನ ಮೇಲೆ ಬಿಸಿ ಬನ್ನಿನ ಎದುರು ನಡೆಯುತ್ತಿತ್ತು.

ಕುರ್ಚಿಗೆ ಬಂದು ಕದ್ದು ನಾಡಿ ಹುಡುಕಿದ. ಬೆರಳಿಗೆ ಏನೂ ಸಿಗಲಿಲ್ಲ. ಅಯ್ಯೋ, ಆ ನಲವತ್ತಾರೂ ಹೋಯಿತೆ? ನೋಡಿದರೆ ಬೆರಳಿಟ್ಟದ್ದು ವಾಚಿನ ಪಟ್ಟಿಯ ಮೇಲೆ.

ನಿಜ ಹೇಳಿದರೆ ಮಾನ ಹೋಗುತ್ತದೆ, ಬಾಯಿ ಮುಚ್ಚಿಕೊಂಡಿದ್ದರೆ ಪ್ರಾಣ ಹೋಗುತ್ತದೆ. ಯಾವುದು ಮೊದಲು ಹೋಗಲಿ ಎಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಸಾಹೇಬರು ಬಂದು ಬೆನ್ನಿಗೊಂದು ಗುದ್ದಿದರು. ಆ ಗುದ್ದಿಗೇ ಹೃದಯ ನಿಂತಿತೆಂದು ಅವನು ಕಣ್ಣು ಮುಚ್ಚಿದ.

"ಏನ್ರೀ ಬಿರುಗಾಳಿ, ಸಂಜೆ ಇಡೀ ಆಫೀಸು ನಿಮ್ಮ ಹಿಂದೆ ಗುಡ್ಡ ಹತ್ತುತ್ತೆ. ಮುಂದಾಳು ನೀವೇ!"

"ಸಾರ್, ಇವತ್ತು ಬೆಳಗ್ಗೆ ತಾನೇ ಹತ್ತಿದ್ದೆ..."

"ನಿಮಗೇನು ಸಾರ್, ಗುಡ್ಡ ಅಂದ್ರೆ ಹೊಸ್ತಿಲು ದಾಟಿದ ಹಾಗೆ!" ಎಂದ ಅಕೌಂಟೆಂಟು. "ಅತ್ತಿಗೆಗೂ ಫೋನ್ ಮಾಡಿದ್ದೀನಿ. ನಿಮ್ಮ ಬೂಟು ತರ್ತಾರೆ. ಹಾಗೇ ಅವರದ್ದೂ ಬಿ.ಪಿ. ನೋಡಿಸಿಕೊಳ್ಳಲಿ."

ಮಧ್ಯಾಹ್ನವೆಲ್ಲ ಗುಡ್ಡ ಕಿಟಕಿಯಲ್ಲಿ ಕೂತು ಅವನನ್ನೇ ದಿಟ್ಟಿಸಿತು. ಅರ್ಧ ಗುಡ್ಡದಲ್ಲಿ ತಾನು ದೊಪ್ಪೆಂದು ಬಿದ್ದಂತೆ, ಸಾಹೇಬರು ತನ್ನನ್ನು ದಾಟಿಕೊಂಡು ಮುಂದೆ ಹೋದಂತೆ, ನೋಟಿಸ್ ಬೋರ್ಡಿನಲ್ಲಿ ತನ್ನ ಫೋಟೋವನ್ನು ಅಕೌಂಟೆಂಟು ಓರೆಯಾಗಿ ಅಂಟಿಸಿದಂತೆ ಕಣ್ಣಿಗೆ ಕಟ್ಟಿತು. ಎಲ್ಲರೂ ಬೂಟಿನ ಲೇಸು ಬಿಗಿಯುವ ಹೊತ್ತಿಗೆ ಅವನು ಎದೆಯೊಳಗೆ ಹಸಿ ಮೊಟ್ಟೆ ಇಟ್ಟುಕೊಂಡವನಂತೆ, ಗೋಡೆ ಹಿಡಿದು, ಅರ್ಧರ್ಧ ಹೆಜ್ಜೆಯಿಟ್ಟು ಶಿಬಿರದ ಕೋಣೆ ಸೇರಿದ.

"ಮೇಡಂ, ನಾನು ಒಂದು ದಿನಾನೂ ಗುಡ್ಡ ಹತ್ತಿಲ್ಲ. ಎಲ್ಲಾ ಬುರುಡೆ! ಮಷೀನ್ ಕೂರಿಸಿ. ಈಗಲೇ ಕೂರಿಸಿ!"

ಡಾಕ್ಟರಮ್ಮ ಗಾಬರಿಯಾಗಿ ಅವನನ್ನು ಮಲಗಿಸಿ ಎದೆಗೆ ವೈರು ಅಂಟಿಸಿದರು. ಪಕ್ಕದ ಯಂತ್ರ ಟಿಕ್... ಟಿಕ್... ಎನ್ನತೊಡಗಿತು. ಪರದೆಯ ಗೆರೆಗಳನ್ನು ತುಂಬ ಹೊತ್ತು ನೋಡಿದರು.

"ಎಲ್ಲಾ ಸರಿಯಾಗೇ ಇದೆಯಲ್ರೀ! ಮತ್ತೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ತೀರಿ?"

"ಬೇಕರಿಗೆ."

"ಪಕ್ಕದ ಬೀದೀದಾ?"

"ಅದು ನನ್ನ ಭಾಮೈದಂದು ಮೇಡಂ! ರೈಲು ಹಳಿಯ ಆಚೆ ಇರೋದಕ್ಕೆ ಹೋಗ್ತೀನಿ. ನೇರ ದಾರೀಲಿ ಅಕೌಂಟೆಂಟ್ ಮನೆ. ಅದಕ್ಕೇ ಹಿಟ್ಟಿನ ಗಿರಣಿ ಸುತ್ತಿ, ಕಾಲುಸೇತುವೆ ಮೆಟ್ಟಿಲು ಹತ್ತಿ ಇಳಿದು..."

"ವಾಪಸ್ ಬರೋದು?"

"ಓಡ್ಕೊಂಡು. ಬೆವರದೇ ಇದ್ರೆ ನನ್ನ ಹೆಂಡ್ತಿ ನಂಬಲ್ವಲ್ಲ!"

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಅಯ್ಯಾ ಪುಣ್ಯಾತ್ಮ, ಗುಡ್ಡ ಹತ್ತೋರೂ ಇಷ್ಟು ನಡೆಯಲ್ಲ! ನೀವು ಯಾತಕ್ಕೆ ನಡೀತೀರಿ ಅಂತ ಹೃದಯ ಕೇಳುತ್ತಾ? ನಡೆದರೆ ಸಾಕು ಅದಕ್ಕೆ. ಗಟ್ಟಿಯಾಗಿದೆ, ಹೋಗಿ."

ಬಿರುಗಾಳಿಗೆ ಹೋದ ಜೀವ ಬಂದಂತಾಯಿತು. ಬನ್ನು ತಿಂದೂ ಬದುಕಿದವನು ಲೋಕದಲ್ಲಿ ತಾನೊಬ್ಬನೇ ಎಂದು ಅವನು ಎದೆಯುಬ್ಬಿಸುವಷ್ಟರಲ್ಲಿ ಪಕ್ಕದ ಮಂಚದ ಪರದೆ ಸರ್ರೆಂದು ಸರಿಯಿತು. ಆಚೆ ಅವನ ಹೆಂಡತಿ ಕೂತಿದ್ದಳು. ತೋಳಿಗೆ ಬಿ.ಪಿ. ಪಟ್ಟಿ, ಮಡಿಲಲ್ಲಿ ಅವನ ಬೂಟು.

"ದಿನಾ ಟವೆಲ್ ಹಿಡ್ಕೊಂಡು ಬಾಗಿಲಲ್ಲಿ ಕಾಯ್ತಿದ್ದೆನಲ್ರೀ!"

"ಅಲ್ಲ ಕಣೇ, ಅದು..."

"ಬೂಟು ಹಾಕ್ಕೊಳ್ಳಿ. ಎಲ್ಲರೂ ಕೆಳಗೆ ಕಾಯ್ತಿದ್ದಾರೆ. ನಾಳೆಯಿಂದ ದಿನಾ ಗುಡ್ಡವೇ, ನಾನೂ ಬರ್ತೀನಿ. ಅದಿರಲಿ, ದಿನಕ್ಕೆ ಎಷ್ಟು ಬನ್ನು?"

"ಒಂದೇ ಕಣೇ, ನಿನ್ನಾಣೆ."

ಎದೆಯ ವೈರುಗಳನ್ನು ಇನ್ನೂ ಯಾರೂ ಕಿತ್ತಿರಲಿಲ್ಲ. ಇಷ್ಟು ಹೊತ್ತೂ ನಿಧಾನವಾಗಿದ್ದ ಯಂತ್ರ ಟಿಕ್ ಟಿಕ್ ಟಿಕ್ ಟಿಕ್ ಎಂದು ಕುದುರೆಯಂತೆ ಓಡತೊಡಗಿತು. ಹೆಂಡತಿ ಯಂತ್ರವನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಎರಡು," ಎಂದ ಬಿರುಗಾಳಿ.

ಟಿಕ್ ಟಿಕ್ ಟಿಕ್ ಟಿಕ್.

"ಮೂರು ಕಣೇ. ಬೆಣ್ಣೆ ಎರಡೂ ಕಡೆ."

ಟಿಕ್... ಟಿಕ್...