ಇಲ್ಲಿ ಯಾರೂ ಕೇಳೂದಿಲ್ಲ

ದ್ರಾಕ್ಷಿ ಬೆಳೆಯುವವರಿಗೆ ಒಂದು ಚಟವಿರುತ್ತದೆ. ಎಲೆ ಹಳದಿಯಾದರೆ ಫೋಟೊ, ಕಾಯಿ ಬಿರಿದರೆ ಫೋಟೊ, ಬಳ್ಳಿ ಸುಮ್ಮನೆ ಮುಖ ಇಳಿಬಿಟ್ಟು ನಿಂತರೂ ಫೋಟೊ. ತೆಗೆದು ವಾಟ್ಸ್ಯಾಪಿನಲ್ಲಿ ದ್ರಾಕ್ಷಿ ಡಾಕ್ಟರಿಗೆ ಕಳಿಸುವುದು, ಅವರು ಹೇಳಿದ ಔಷಧ ತಂದು ಹೊಡೆಯುವುದು. ಅಥಣಿ ಹತ್ತಿರದ ಸತ್ತಿ ಎಂಬ ಊರಿನ ಧರೆಪ್ಪನೂ ಇದನ್ನೇ ಮಾಡಿಕೊಂಡು ಬಂದವನು. ಹಾಗಾಗಿ ಅವನ ಮಗಳು ದಾನೇಶ್ವರಿ ಮಾತು ಬಿಟ್ಟು ಮೂಲೆ ಹಿಡಿದಾಗ, ತಲೆ ಕೆಟ್ಟ ಆ ಮನುಷ್ಯ ಅವಳದೂ ಒಂದು ಫೋಟೊ ತೆಗೆದು ದ್ರಾಕ್ಷಿ ಡಾಕ್ಟರಿಗೇ ಕಳಿಸಿಬಿಟ್ಟ.

ಫೋಟೊದ ಕೆಳಗೆ ರೂಢಿಯಂತೆ ವಿವರವನ್ನೂ ಬರೆದಿದ್ದ. "ವಯಸ್ಸು ಹತ್ತು. ಮೊದಲ ಭಾಳ ಮಾತಾಡ್ತಿತ್ತು, ಈಗ ಇಲ್ಲ. ರೊಟ್ಟಿ ಅರ್ಧಾ ಬಿಡತೈತಿ. ಶಾಲಿ ಅಂದ್ರ ಹೊಟ್ಟಿ ನೋವು. ರಾತ್ರಿ ನಿದ್ದಿ ಇಲ್ಲ. ಅಥಣಿ ಡಾಕ್ಟರ್ ನೋಡಿ ಹೊಟ್ಯಾಗ ಏನೂ ಇಲ್ಲ ಅಂದಾರ. ಏನ್ ಹೊಡೀಲಿ?"

ಅದನ್ನು ಓದಿ ಹೆಂಡತಿ ಚನ್ನವ್ವ ಹಣೆ ಚಚ್ಚಿಕೊಂಡಳು. "ಆಕಿ ಏನ್ ಥಾಮ್ಸನ್ ದ್ರಾಕ್ಷಿ ಬಳ್ಳಿಯೇನ, ಫೋಟೊ ಕಳಸಾಕ?"

ದ್ರಾಕ್ಷಿ ಡಾಕ್ಟರ್ ರೂಪೇಶ ಒಳ್ಳೆಯವನು. ನಗಲಿಲ್ಲ, ಫೋನ್ ಮಾಡಿದ. "ಧರೆಪ್ಪಾ, ಇದು ನನ್ನ ಕಡಿಂದ ಆಗೂ ಕೆಲಸ ಅಲ್ಲ. ಮಿರಜದಾಗ ನಮ್ಮ ವಹಿನಿ, ಅಣ್ಣನ ಹೆಂಡತಿ ಅದಾರ, ನೀಲಮ ಅಂತ. ಮಕ್ಕಳ ಜೋಡಿ ಮಾತಾಡಿ ಅವರ ಮನಸಿನ ತ್ರಾಸ ಬಿಡಸೂದ ಅವರ ಕೆಲಸ. ನಂಬರ್ ಕೊಡ್ತೀನಿ."

ನೀಲಮ ಮೇಡಮ್ ಮೊದಲ ಫೋನಿನಲ್ಲಿ ಸಾವಕಾಶವಾಗಿ ಒಂದೊಂದೇ ಕೇಳಿದರು. ಗೆಳತಿಯರ ಜೊತೆ ಆಡುವುದನ್ನೂ ಬಿಟ್ಟಿದ್ದಾಳೆಯೇ? ಬಿಟ್ಟಿದ್ದಾಳೆ. ಶಾಲೆಯಲ್ಲಿ ಯಾರಾದರೂ ಬೈದು ಹೊಡೆದು ಮಾಡಿದ್ದಾರೆಯೇ? ಇಲ್ಲ, ವಿಚಾರಿಸಿ ಆಗಿದೆ. ರವಿವಾರವೂ ಹೊಟ್ಟೆ ನೋಯುತ್ತದೆಯೇ? ಧರೆಪ್ಪ ತಲೆ ಕೆರೆದುಕೊಂಡ. ಕೆಲವು ರವಿವಾರ ನೋಯುತ್ತಿತ್ತು, ಕೆಲವು ರವಿವಾರ ಇಲ್ಲ. ಅದರ ಲೆಕ್ಕ ಅವನಿಗೆ ಹತ್ತಿರಲಿಲ್ಲ.

"ಎಂಟ ದಿನಾ ಮುಖ ಸಣ್ಣ ಮಾಡಿದ್ರ ಬಿಡ್ರಿ, ಎಲ್ಲಾ ಮಕ್ಕಳೂ ಮಾಡ್ತಾವ," ಅಂದರು ಮೇಡಮ್. "ಆದ್ರ ದೀಪಾವಳಿಯಿಂದ ಸಂಕ್ರಾಂತಿ ತನಾ ಊಟ, ನಿದ್ದಿ, ಆಟ, ಶಾಲಿ ಎಲ್ಲಾ ಬಿಟ್ಟಾಳಂದ್ರ ಕೂಸಿನ ಒಳಗ ಏನೋ ಕುಂತೈತಿ. ಕರಕೊಂಡ ಬರ್ರಿ."

"ಬರೂದಿಲ್ರಿ ಆಕಿ. ಬಸ್ ಸ್ಟ್ಯಾಂಡ್ ತನಾ ಒಯ್ದಿದ್ದೆ. ಅಳಕೋತ ಹೊಳ್ಳಿ ಮನಿಗೆ ಓಡಿ ಹೋದ್ಲು."

"ಹಂಗಾದ್ರ ವಿಡಿಯೊ ಕಾಲಿನ್ಯಾಗ ಮಾತಾಡೂಣು. ಮನಿ ಬಿಡದ ಮಕ್ಕಳಿಗೆ ಅದ ಚಲೋ. ಒಂದ ಕರಾರು. ಆಕಿ ಮಾತಾಡೂಮುಂದ ಅಲ್ಲಿ ಯಾರೂ ಇರಬಾರದು, ನೀವೂ ಇರಬಾರದು. ಆಕಿ ಮಾತು ಯಾರ ಕಿವಿಗೂ ಬೀಳಬಾರದು."

"ಅಷ್ಟ ಹೌದಲ್ರಿ, ಆತ ಬಿಡ್ರಿ," ಅಂದ ಧರೆಪ್ಪ. ಫೋನಿಟ್ಟ ಮೇಲೆ ಅವನಿಗೆ ಬೆವರು ಬಂತು. ಸತ್ತಿಯಲ್ಲಿ ಯಾರ ಕಿವಿಗೂ ಬೀಳದಂತೆ ಮಾತಾಡಿದ ಮನುಷ್ಯ ಇದುವರೆಗೆ ಹುಟ್ಟಿಲ್ಲ. ಇವನ ಮನೆಯಲ್ಲಿ ಹಾಲು ಉಕ್ಕಿದರೆ ಗೋಡೆಯಾಚೆಯಿಂದ ಮಂಗಲಕ್ಕ "ಒಲಿ ಸಣ್ಣ ಮಾಡ ಚನ್ನವ್ವಾ" ಎಂದು ಕೂಗುತ್ತಾಳೆ. ಇಂಥ ಊರಿಗೆ ಹುಡುಗಿಯ ವಿಷಯ ತಿಳಿದರೆ ನಾಳೆ ಬೆಳಗಾಗುವುದರೊಳಗೆ ಅವಳಿಗೆ ಹುಚ್ಚಿ ಎಂಬ ಹೆಸರು ಕಟ್ಟಿಬಿಡುತ್ತಾರೆ. ಆ ಹೆಸರು ಮದುವೆಯಾದರೂ ಬಿಡುವುದಿಲ್ಲ. ಧರೆಪ್ಪನ ಜೀವ ಹಾರುತ್ತಿದ್ದದ್ದು ಅದಕ್ಕೇ.

ಗೊತ್ತಾದ ದಿನ ಬಂತು. ಚನ್ನವ್ವ ಆಳುಗಳ ಜೊತೆ ದ್ರಾಕ್ಷಿ ತೋಟಕ್ಕೆ ಹೋಗಿದ್ದಳು. ಮಧ್ಯಾಹ್ನ ಮಾಳಿಗೆಯ ಮೇಲೆ ಮಗಳನ್ನು ಕೂರಿಸಿ, ತಾನು ಕೆಳಗೆ ಬಾಗಿಲು ಕಾಯುವುದೆಂದು ಧರೆಪ್ಪ ಯೋಚಿಸಿದ್ದ. ಮೇಡಮ್ಮರ ಎದುರು ಚೆನ್ನಾಗಿ ಕಾಣಲೆಂದು ಮಗಳಿಗೆ ಹಬ್ಬದ ಫ್ರಾಕು ಹಾಕಿಸಿ, ತಲೆ ಬಾಚಿ, ಪೌಡರನ್ನೂ ಬಳಿದ. ಅಲ್ಲಿಯೇ ಎಡವಿದ. ಶಾಲೆಯ ದಿನ ಹಬ್ಬದ ಫ್ರಾಕು ಹಾಕಿಕೊಂಡ ಹುಡುಗಿ ಅಂಗಳದಲ್ಲಿ ಕಂಡರೆ ಮಂಗಲಕ್ಕ ಸುಮ್ಮನಿದ್ದಾಳೆಯೇ? ಕೈಯೊಳಗಿನ ಮೊರ ಹಾಗೇ ಹಿಡಿದುಕೊಂಡು ಬಂದಳು.

"ಎಲ್ಲಿಗಪಾ ಧರೆಪ್ಪಣ್ಣ, ಪೋರಿ ಇಷ್ಟ ಚೆಂದ ತಯಾರಾಗಿದ್ದು?"

ಧರೆಪ್ಪನಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ಅಭ್ಯಾಸವಿಲ್ಲದವರು ಯಾವಾಗಲೂ ಬೇಕಾದ್ದಕ್ಕಿಂತ ದೊಡ್ಡ ಸುಳ್ಳನ್ನೇ ಹೇಳುತ್ತಾರೆ. "ಆಧಾರ್ ಕಾರ್ಡಿನ ಫೋಟೊ, ಮಂಗಲಕ್ಕಾ. ಮಿಷನ್ ತಗೊಂಡ ಮನಿಗೇ ಬರಾಕತ್ತಾರ."

"ಮನಿಗೇ?" ಮಂಗಲಕ್ಕನ ಕಣ್ಣು ಅರಳಿದವು. "ಅಥಣ್ಯಾಗ ಇಡೀ ದಿನ ಪಾಳಿ ಹಚ್ಚಿ ಹೊಳ್ಳಿ ಬಂದೇನೋ ನಾ! ತಡಿ, ಮಮ್ಮಗನ್ನ ಕರಕೊಂಡ ಬರ್ತೀನಿ."

ಧರೆಪ್ಪ "ಏ ಮಂಗಲಕ್ಕಾ" ಅನ್ನುವುದರೊಳಗೆ ಮೊರ ಅಲ್ಲೇ ಬಿಟ್ಟು ಅವಳು ಓಣಿಯ ಆ ತುದಿಗೆ ಮುಟ್ಟಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವನ ಅಂಗಳದಲ್ಲಿ ಪಾಳಿ ನಿಂತಿತು. ಎಲ್ಲರ ಮುಂದೆ ನಿವೃತ್ತ ಶಿಕ್ಷಕ ಬಾಪುಸಾಹೇಬ ಮಾಸ್ತರರು, ತಮ್ಮ ಕಾರ್ಡಿನಲ್ಲಿ ಹುಟ್ಟಿದ ವರ್ಷ ತಪ್ಪಾಗಿದೆ ಎಂದು. ಅವರ ಹಿಂದೆ ರಾವಸಾಹೇಬ. ಲಗ್ನವಿಲ್ಲ, ಕೆಲಸವಿಲ್ಲ, ಬಾಯಲ್ಲಿ ಸದಾ ತಂಬಾಕು. ಊರಲ್ಲಿ ಎಲ್ಲಿ ನಾಲ್ಕು ಜನ ನಿಂತರೂ ಐದನೆಯವನು ಅವನೇ.

"ಮಿಷನ್ ಎಲ್ಲೈತಿ?" ಎಂದು ಮಾಸ್ತರರು ದನಿ ಏರಿಸಿದರು. "ಮಾಳಿಗಿ ಮ್ಯಾಲೆ ಇಟ್ಟಾರಂತ," ಎಂದು ರಾವಸಾಹೇಬ ತನ್ನಷ್ಟಕ್ಕೆ ತಾನೇ ಮಾಹಿತಿ ಕೊಟ್ಟ. ಪಾಳಿ ಮಾಳಿಗೆ ಹತ್ತತೊಡಗಿತು.

ಮೇಡಮ್ಮರ ಕಾಲ್ ಬರುವ ಹೊತ್ತಾಗಿತ್ತು. ಇವತ್ತು ತಪ್ಪಿದರೆ ಅವರಿಗೆ ಮತ್ತೆ ಯಾವಾಗ ಬಿಡುವೋ, ಮಗಳು ಮತ್ತೆ ಒಪ್ಪುತ್ತಾಳೋ ಇಲ್ಲವೋ. ಧರೆಪ್ಪ ಮಗಳ ಕೈ ಹಿಡಿದು ಹಿತ್ತಲಿನಿಂದ ಹೊರಬಿದ್ದು ಟ್ರ್ಯಾಕ್ಟರ್ ಹತ್ತಿದ. ಕಬ್ಬಿನ ಹೊಲದ ಬಾವಿಯ ಹತ್ತಿರ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನ ಡ್ರೈವರ್, ಸಮಾಧಾನ ಎಂಬವನು, ಅಲ್ಲಿ ನಿಂತೇ ದಿನಾ ಫೋನಿನಲ್ಲಿ ಕುಸ್ತಿ ನೋಡುತ್ತಿದ್ದ. ಮೇಲೆ ತೆಳ್ಳಗೆ ಮೋಡ ಕವಿದಿತ್ತು. ದಾರಿಯುದ್ದಕ್ಕೂ ದಾನೇಶ್ವರಿ ಒಮ್ಮೆ ಮೋಡ ನೋಡುತ್ತಿದ್ದಳು, ಒಮ್ಮೆ ಅಪ್ಪನ ಮುಖ ನೋಡುತ್ತಿದ್ದಳು.

ಬಾವಿಯ ಹತ್ತಿರ ಎರಡೂ ಕಡೆ ಆಳೆತ್ತರದ ಕಬ್ಬು. ನರಪಿಳ್ಳೆ ಇಲ್ಲ. ಧರೆಪ್ಪನಿಗೆ ಜೀವ ಬಂದಂತಾಯಿತು. ಆದರೆ ಫೋನ್ ನೋಡಿದರೆ ಚಾರ್ಜು ಕೆಂಪಗಾಗಿತ್ತು. ಟ್ರ್ಯಾಕ್ಟರಿನ ಚಾರ್ಜರಿಗೆ ಫೋನ್ ಚುಚ್ಚಿ, ಇಂಜಿನ್ ಬಂದ್ ಮಾಡಿ, ಕರೆಂಟು ಹರಿಯಲೆಂದು ಕಿಲ್ಲಿಯನ್ನಷ್ಟೇ ತಿರುವಿಟ್ಟ. ಮಗಳನ್ನು ಸೀಟಿನ ಮೇಲೆ ಕೂರಿಸಿದ.

"ಮೇಡಮ್ಮಾರ ಕಾಲ್ ಬಂದ್ರ ಹಸರ ಗುಂಡಿ ಒತ್ತು. ಏನ ಅನಸ್ತೈತಿ ಅದನ್ನ ಹೇಳವ್ವಾ. ನಾ ಕೇಳೂದಿಲ್ಲ. ದೂರ ರೋಡಿನ ಮ್ಯಾಲೆ ನಿಂತಿರ್ತೀನಿ. ಇಲ್ಲಿ ಯಾರೂ ಬರೂದಿಲ್ಲ."

ದಾನೇಶ್ವರಿ ತಲೆಯಾಡಿಸಿದಳು. ಧರೆಪ್ಪ ಹೊಲ ಸುತ್ತಿ ಹೋಗುವ ಗಾಡಿದಾರಿ ಹಿಡಿದು ರಸ್ತೆಗೆ ಬಂದು ನಿಂತ.

ನಿಂತು ಉಸಿರು ಬಿಡುವುದರೊಳಗೆ, ಮಾಳಿಗೆಯ ಮೇಲಿಂದ ಟ್ರ್ಯಾಕ್ಟರ್ ಹೋದ ದಾರಿ ನೋಡಿಕೊಂಡು, ಊರ ಕಡೆಯಿಂದ ಪಾಳಿ ಬಂತು. ಮಂಗಲಕ್ಕ ಮುಂದೆ, ಅವಳ ಕಂಕುಳಲ್ಲಿ ಮೊಮ್ಮಗ, ಹಿಂದೆ ಮಾಸ್ತರರು, ರಾವಸಾಹೇಬ, ಅರ್ಧ ಓಣಿ.

"ಮಿಷನ್ ಹೊಲಕ್ಕ ಒಯ್ದಿಯೇನು?" ಎಂದಳು ಮಂಗಲಕ್ಕ. "ನಿನ್ನ ಮಗಳದೊಂದ ಫೋಟೊ ಆದ್ರ ಸಾಕೇನ, ಊರ ಮಕ್ಕಳು ಮಕ್ಕಳಲ್ಲೇನ?"

"ಮಿಷನ್ನೂ ಇಲ್ಲ, ಏನೂ ಇಲ್ಲ. ಹೊಳ್ಳಿ ಹೋಗ್ರಿ. ಕೈ ಮುಗೀತೀನಿ."

"ಹಂಗಾದ್ರ ಕಬ್ಬಿನ್ಯಾಗ ಯಾರದಾರ?" ರಾವಸಾಹೇಬ ಕತ್ತು ಉದ್ದ ಮಾಡಿದ.

"ಯಾರೂ ಇಲ್ಲಲೇ!"

ಆಗ ಕಬ್ಬಿನೊಳಗಿನಿಂದ, ಇಡೀ ಸೀಮೆಗೇ ಕೇಳುವಂತೆ, ಹೆಣ್ಣುಮಗಳೊಬ್ಬಳ ದನಿ ಗುಡುಗಿತು. "ನಮಸ್ಕಾರ ದಾನೇಶ್ವರಿ, ನನ್ನ ಕೂಸ! ಹೆದರಬ್ಯಾಡ. ಇಲ್ಲಿ ನಾವಿಬ್ಬರ ಅದೀವಿ. ನಮ್ಮ ಮಾತು ಯಾರೂ ಕೇಳೂದಿಲ್ಲ!"

ಕಬ್ಬಿನಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು.

ಧರೆಪ್ಪನಿಗೆ ಆಗ ಹೊಳೆಯಿತು. ಟ್ರ್ಯಾಕ್ಟರಿನ ಟೇಪು! ಕಳೆದ ಸೀಸನ್ನಿನಲ್ಲಿ ಕಬ್ಬು ಸಾಗಿಸುವಾಗ ಹಾಡು ಬೇಕೆಂದು ಸಮಾಧಾನ ಹಟ ಹಿಡಿದು ಅದಕ್ಕೆ ಗುಡಾಣದಂಥ ಸ್ಪೀಕರ್ ಬಾಕ್ಸುಗಳನ್ನು ಕೂರಿಸಿದ್ದ. ಈ ಭಾಗದ ಟ್ರ್ಯಾಕ್ಟರುಗಳಿಗೆ ಇಂಜಿನ್ನಿಗಿಂತ ಟೇಪಿನದೇ ಜೋರು. ಹಾಡೆಲ್ಲ ಧರೆಪ್ಪನ ಫೋನಿನಿಂದಲೇ. ಕಿಲ್ಲಿ ತಿರುವಿದ ಕೂಡಲೇ ಫೋನು ಬ್ಲೂಟೂತಿನಲ್ಲಿ ತಾನಾಗಿ ಟೇಪಿಗೆ ಕೂಡಿಕೊಳ್ಳುತ್ತಿತ್ತು. ಈಗಲೂ ಕೂಡಿಕೊಂಡಿತ್ತು.

ಗಾಡಿದಾರಿ ಹಿಡಿದರೆ ತಡವಾದೀತೆಂದು ಅವನು ಅಡ್ಡ ಓಡಿದ. ನಡುವೆ ಹೊಸದಾಗಿ ಕಬ್ಬು ನಾಟಿ ಹಚ್ಚಿದ ಹೊಲ, ಬೆಳಿಗ್ಗೆ ಅವನೇ ನಿಂತು ನೀರು ಬಿಟ್ಟದ್ದು. ನಾಲ್ಕು ಹೆಜ್ಜೆಗೆ ಒಂದು ಚಪ್ಪಲಿ ಹೋಯಿತು, ಇನ್ನು ನಾಲ್ಕಕ್ಕೆ ಇನ್ನೊಂದು. ಹೊಲದ ನಡುಮಧ್ಯೆ ಮೊಣಕಾಲವರೆಗೆ ಹುಗಿದು ನಿಂತ. ಅಷ್ಟರಲ್ಲಿ ಮಗಳ ದನಿ ಕೇಳಿತು. ಟೇಪಿನ ಗದ್ದಲಕ್ಕೆ ಅವಳೂ ರಸ್ತೆಯವರೆಗೆ ಕೇಳುವಂತೆ ಕೂಗಿಯೇ ಮಾತಾಡುತ್ತಿದ್ದಳು.

"ನನಗೇನೂ ಆಗಿಲ್ರಿ. ನಮ್ಮ ಅಪ್ಪಗ ಆಗೈತ್ರಿ."

ಧರೆಪ್ಪ ಕಾಲು ಕೀಳುವುದನ್ನು ನಿಲ್ಲಿಸಿದ. ಎಷ್ಟೋ ದಿನದ ಮೇಲೆ ಅವಳು ಇಷ್ಟುದ್ದ ಮಾತಾಡಿದ್ದಳು.

"ಏನಾಗೈತಿ ಅಪ್ಪಗ?"

"ಹ್ವಾದ ವರ್ಷ ದ್ರಾಕ್ಷಿ ಕೊಯ್ಯೂ ಮುಂದ ಆಣೆಕಲ್ಲ ಮಳಿ ಬಂತ್ರಿ. ಎಲ್ಲಾ ಉದುರಿತ್ರಿ. ಈ ವರ್ಷ ಮತ್ತ ಕಾಯಿ ಹಿಡದಾಗಿಂದ ಮೋಡ ಆತಂದ್ರ ಅಪ್ಪ ಉಣ್ಣೂದಿಲ್ರಿ. ರಾತ್ರಿ ಅಂಗಳದಾಗ ಮ್ಯಾಲೆ ನೋಡಕೋತ ಕುಂದರ್ತಾನ್ರಿ. ಅಳತಾನ್ರಿ, ಬಾಯಿಗೆ ಟವೆಲ್ ಹಿಡಕೊಂಡು. ನಾ ಕಿಡಕ್ಯಾಗಿಂದ ನೋಡ್ತೀನ್ರಿ. ನಾ ಶಾಲಿಗೆ ಹೋದ್ರ ಅವನ್ನ ಯಾರ ನೋಡಬೇಕ್ರಿ? ಅದಕ್ಕ ಮೋಡ ಆದಾಗ ನನಗ ಹೊಟ್ಟಿ ನೋಯ್ತೈತ್ರಿ."

"ಇದನ್ನ ಅಪ್ಪಗ ಹೇಳಿಯೇನು?"

"ಇಲ್ರಿ. ಹೇಳಿದ್ರ ಅವಂಗ ನಂದೂ ಒಂದ ಚಿಂತಿ ಹತ್ತತೈತಿ."

ಧರೆಪ್ಪ ಮುಖ ಎತ್ತಿ ಮೋಡ ನೋಡಿದ. ಮೋಡ ಬಂದ ದಿನವೆಲ್ಲ ಎಲೆಎಲೆ ತಿರುವಿ ನೋಡಿದವನು ಅವನು. ಮಗಳ ಹೊಟ್ಟೆನೋವೂ ಅದೇ ದಿನ ಬರುತ್ತಿತ್ತೆಂಬುದು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ರಸ್ತೆಯ ಮೇಲೆ ಊರು ಕಿವಿಗೊಟ್ಟು ನಿಂತಿತ್ತು. ಮಂಗಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾವಸಾಹೇಬ ತಂಬಾಕು ಉಗುಳುವುದನ್ನು ಮರೆತು ನುಂಗಿಬಿಟ್ಟಿದ್ದ.

"ನೀ ಭಾಳ ಶಾಣ್ಯಾ ಪೋರಿ," ಎಂದಿತು ಟೇಪು. "ಆದ್ರ ಅಪ್ಪನ್ನ ಕಾಯೂದು ನಿನ್ನ ಕೆಲಸ ಅಲ್ಲ ಕೂಸ, ಅದು ದೊಡ್ಡವರ ಕೆಲಸ. ಇನ್ನ ಮುಂದ ಧರೆಪ್ಪಣ್ಣನ್ನ ನನ್ನ ಮುಂದ ಕುಂದರಸು. ಚಿಂತಿ ಎಲ್ಲಾರಿಗೂ ಇರತೈತಿ, ಹೇಳಕೊಳ್ಳಾಕ ನಾಚಕೋಬಾರದು."

ಆ ಸಂಜೆ ಧರೆಪ್ಪ ಬಾಗಿಲು ಹಾಕಿಕೊಂಡು ಕೂತಿದ್ದ. ಮೊದಲು ಹಿತ್ತಲ ಬಾಗಿಲು ತಟ್ಟಿದವಳು ಮಂಗಲಕ್ಕ. ಹುಚ್ಚಿಯ ಮಾತು ಎತ್ತುತ್ತಾಳೆಂದು ಅವನು ಮೈ ಹಿಡಿಮಾಡಿಕೊಂಡ. ಅವಳು ಆಚೀಚೆ ನೋಡಿ ಪಿಸುಗುಟ್ಟಿದಳು. "ಧರೆಪ್ಪಣ್ಣ, ಆ ಮೇಡಮ್ಮಾರ ನಂಬರ್ ಕೊಡ. ನನಗಲ್ಲಾ, ನಮ್ಮ ಸೊಸಿಗೆ." ಆಮೇಲೆ ಬಾಪುಸಾಹೇಬ ಮಾಸ್ತರರು ಬಂದರು, ಅವರಿಗೆ ನಂಬರ್ ಬೇಕಾಗಿದ್ದದ್ದು "ನಮ್ಮ ಪರಿಚಯದವರೊಬ್ಬರಿಗೆ". ಇನ್ನೂ ಯಾರ ಯಾರೋ ಬಂದರು, ಎಲ್ಲರೂ ಹಿತ್ತಲಿನಿಂದಲೇ. ಕೊನೆಗೆ ರಾವಸಾಹೇಬ ಬಂದ.

"ನಂಬರ್ ಬೇಕಾಗಿತ್ತಪಾ. ನಮ್ಮ ಮಗನ ಸಲುವಾಗಿ."

"ನಿಂದ ಲಗ್ನ ಆಗಿಲ್ಲಲ್ಲೋ."

"ಅದ ಚಿಂತಿ ನೋಡ," ಅಂದ ರಾವಸಾಹೇಬ.

ಎಲ್ಲರೂ ಹೋದ ಮೇಲೆ ಧರೆಪ್ಪ ನಾಚಿಕೆ ಬಿಟ್ಟು ತಾನೂ ಫೋನ್ ಹಚ್ಚಿದ. ನೀಲಮ ಮೇಡಮ್ಮರ ದನಿ ದಣಿದಿತ್ತು. "ಧರೆಪ್ಪಣ್ಣ, ನಿಮ್ಮ ಊರಿಗೆ ಇವತ್ತ ಏನಾಗೈತ್ರಿ? ಒಂದರ ಮ್ಯಾಲೊಂದ ಫೋನು. ನನ್ನ ಎಲ್ಲಾ ಪಾಳಿ ತುಂಬ್ಯಾವ. ನಿಮ್ಮ ಪಾಳಿ ಇನ್ನ ದ್ರಾಕ್ಷಿ ಕೊಯ್ಲ ಮುಗಿದ ಮ್ಯಾಲ."

"ಕೊಯ್ಲ ಮುಗಿದ ಮ್ಯಾಲ ನನಗ ಚಿಂತೀನ ಇರೂದಿಲ್ಲಲ್ರಿ ಮೇಡಮ್ಮಾರ!"

ಮರುದಿನ ಬೆಳಿಗ್ಗೆ ಮತ್ತೆ ಮೋಡ. ಆದರೆ ದಾನೇಶ್ವರಿ ರೊಟ್ಟಿ ಪೂರ್ತಿ ತಿಂದು, ಇನ್ನೊಂದು ಹಾಕಿಸಿಕೊಂಡು, ಶಾಲೆಯ ದಪ್ತರ ಹೆಗಲಿಗೇರಿಸಿದಳು.

"ಮೋಡ ಐತಲ್ಲವ್ವಾ. ಹೊಟ್ಟಿ?" ಅಂದ ಧರೆಪ್ಪ, ಹೆದರುತ್ತ.

"ಇಲ್ಲಪಾ. ನಿನ್ನ ನೋಡಾಕ ಈಗ ನಾ ಒಬ್ಬಾಕೀನ ಇಲ್ಲಲ್ಲ," ಎಂದು ಅವಳು ಗೆಳತಿಯರ ಹೆಸರು ಕೂಗುತ್ತ ಓಡಿದಳು. ಓಣಿ ತುಂಬ ಅವಳದೇ ಮಾತು.

ಧರೆಪ್ಪನಿಗೆ ಅಳುವೂ ಬಂತು, ನಗುವೂ ಬಂತು. ಅಂಗಳಕ್ಕೆ ಬಂದು ಮೋಡ ಎಷ್ಟಿದೆ ನೋಡೋಣವೆಂದು ಮುಖ ಎತ್ತಿದ.

"ಏ ಧರೆಪ್ಪಣ್ಣ, ಮ್ಯಾಲೆ ನೋಡಬ್ಯಾಡ!" ಗೋಡೆಯ ಮೇಲಿನಿಂದ ಮಂಗಲಕ್ಕ ಕೂಗಿದಳು. ಅವಳ ಕೈಯಲ್ಲಿ ಉಪ್ಪಿಟ್ಟಿನ ತಾಟಿತ್ತು. "ಮೊದಲ ಇದನ್ನ ತಿನ್ನು. ಪೂರಾ ತಿಂದ ತಾಟ ಕೊಡು, ನಾ ಇಲ್ಲೇ ನಿಂತೀನಿ." ಬಾಪುಸಾಹೇಬ ಮಾಸ್ತರರು ತಮ್ಮ ಜಗುಲಿಯ ಕುರ್ಚಿಯನ್ನು ಇವನ ಮನೆಯ ಕಡೆ ತಿರುಗಿಸಿಕೊಂಡು ಕೂತಿದ್ದರು.

ಧರೆಪ್ಪ ಸೋತು ತಲೆ ತಗ್ಗಿಸಿದ.

ಎದುರಿನ ಕಟ್ಟೆಯ ಮೇಲಿಂದ ರಾವಸಾಹೇಬ ಧಡಕ್ಕನೆ ಎದ್ದು ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದ. "ತಲಿ ತಗ್ಗಿಸಿದಾ! ಲಗೂ ಬರ್ರೆಪಾ, ಅಳಾಕತ್ತಾನ!"