ನೆಟ್ ಇಲ್ಲದ ಭಾನುವಾರ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಇಂದುಶೇಖರನ ಕಂಪ್ಯೂಟರಿನ ಕೆಳಮೂಲೆಯಲ್ಲಿ ಪುಟ್ಟದೊಂದು ಭೂಗೋಳ ಕಾಣಿಸಿಕೊಂಡಿತು. ಅದರ ಮೇಲೆ ಮೌಸ್ ಇಟ್ಟರೆ 'ಇಂಟರ್‌ನೆಟ್ ಇಲ್ಲ' ಎಂದು ತೋರಿಸುತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಸಿಟ್ಟು ಬರಲಿಲ್ಲ. ಏನೂ ಓದದೆ ಪರೀಕ್ಷೆಗೆ ಹೋದವನಿಗೆ ಪರೀಕ್ಷೆಯೇ ಮುಂದಕ್ಕೆ ಹೋಯಿತೆಂದು ಗೊತ್ತಾದಾಗ ಆಗುವಂಥ ಸಮಾಧಾನವಾಯಿತು.

ಇಂದುಶೇಖರ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ವಯಸ್ಸು ಐವತ್ತೊಂದು. ಚಿತ್ರದುರ್ಗ ಬಿಟ್ಟು ದೆಹಲಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮದುವೆಯ ಮಾತು ನಾಲ್ಕೈದು ಸಲ ಬಂದು, ಪ್ರತಿ ಸಲವೂ 'ದೆಹಲಿಯಾ? ಅಷ್ಟು ದೂರವಾ?' ಎಂಬಲ್ಲಿಗೆ ನಿಂತುಹೋಗಿತ್ತು. ಪೀತಮ್‌ಪುರದ ಎರಡನೇ ಮಹಡಿಯ ಬಾಡಿಗೆ ಮನೆಯೊಳಗೆ ಅವನು ಕನ್ನಡದಲ್ಲಿ ಮಾತಾಡುತ್ತಿದ್ದುದು ಕುಕ್ಕರಿನ ಜೊತೆ ಮಾತ್ರ. ಅದು ಕೂಗಿದರೆ "ಸಾಕು, ಬಂದೆ ಮಾರಾಯ್ತಿ" ಎನ್ನುತ್ತಿದ್ದ. ಯಾರೂ ಕರೆ ಮಾಡದವನಿಗೆ ದೊಡ್ಡ ಫೋನ್ ಯಾಕೆಂದು ಗುಂಡಿ ಒತ್ತುವ ಹಳೇ ಫೋನನ್ನೇ ಇಟ್ಟುಕೊಂಡಿದ್ದ.

ಅಂಥವನಿಗೆ ವಾರದಲ್ಲಿ ಒಂದು ಗಂಟೆ ಹಬ್ಬ. ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಪ್ರತಿ ಭಾನುವಾರ ಹನ್ನೊಂದಕ್ಕೆ ಆನ್‌ಲೈನಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ. ಶುರುವಿನಲ್ಲಿ ಒಂಬತ್ತು ಮಕ್ಕಳಿದ್ದರು. ಒಬ್ಬ ಈಜಿಗೆ ಹೋದ, ಇಬ್ಬರು ಟ್ಯೂಷನ್ನಿಗೆ ಹೋದರು, ಕೆಲವರು ಹೇಳದೆಯೇ ಹೋದರು. ಈಗ ಉಳಿದವರು ಮೂವರು. ಈ ಪಾಠ ನಡೆಸುತ್ತಿದ್ದ ಕನ್ನಡ ಸಂಘದ ಕಾರ್ಯದರ್ಶಿ, ಲಕ್ಷ್ಮೀ ನಗರದ ವಿಜಯಮ್ಮ, ಗುರುವಾರ ಫೋನ್ ಮಾಡಿ ಹೇಳಿದ್ದರು: "ಈ ವಾರ ನಾನೂ ಕೂತು ನೋಡ್ತೀನಿ ಸರ್. ಐದು ಮಕ್ಕಳಾದ್ರೂ ಇರಬೇಕು. ಇಲ್ದಿದ್ರೆ ನಿಲ್ಲಿಸಿಬಿಡೋಣ."

ಆದ್ದರಿಂದ ಇಂದುಶೇಖರ ಎಲ್ಲರ ಮನೆಗೂ ಫೋನ್ ಮಾಡಿ ಬೇಡಿಕೊಂಡಿದ್ದ. ಹತ್ತೂಮುಕ್ಕಾಲಿಗೇ ಇಸ್ತ್ರಿ ಶರಟು ತೊಟ್ಟು, 'ಈ ದಿನದ ಪಾಠ: ಒತ್ತಕ್ಷರಗಳು' ಎಂದು ಬರೆದಿಟ್ಟು, ಕಿವಿಗೆ ಹೆಡ್‌ಫೋನ್ ಏರಿಸಿ ಕೂತಿದ್ದ. ಪರದೆಯ ತುಂಬ ಅವನದೇ ಮುಖ. ಇಪ್ಪತ್ತು ನಿಮಿಷ ಅದನ್ನೇ ನೋಡಿ ಅವನಿಗೂ ಬೇಸರ ಬಂತು. ಆಗ ಕಂಡಿದ್ದು ಆ ಭೂಗೋಳ.

'ಅಂದರೆ ಮಕ್ಕಳು ಬಂದಿಲ್ಲ ಅಂತಲ್ಲ. ನೆಟ್ಟೇ ಇಲ್ಲ!'

ಖುಷಿಯಿಂದ ಹೆಡ್‌ಫೋನ್ ಕಿತ್ತಿಟ್ಟು, ಪರದೆಯಲ್ಲಿದ್ದ ಪಾಠದ ಕಿಟಕಿಯನ್ನು ಮಿನಿಮೈಸ್ ಮಾಡಿ, ಬಾಲ್ಕನಿಯಿಂದ ಬಗ್ಗಿ ಕೂಗಿದ: "ಬೋಜಮ್ಮ ಆಂಟೀ, ನಿಮ್ಮನೇಲಿ ನೆಟ್ ಇದೆಯಾ?"

ಅಷ್ಟು ಸಾಕಾಯಿತು. ನೆಲಮಹಡಿಯ ಬೋಜಮ್ಮ ಮಡಿಕೇರಿ ಕಡೆಯವರು. ಸುಬೇದಾರರಾಗಿದ್ದ ಗಂಡ ತೀರಿಕೊಂಡು ಆರು ವರ್ಷವಾಗಿದ್ದರೂ ಅವರ ದನಿ ಮಾತ್ರ ಬೋಜಮ್ಮನ ಗಂಟಲಲ್ಲಿ ಉಳಿದುಕೊಂಡಿತ್ತು. ಮೆಟ್ಟಿಲು ಹತ್ತುತ್ತಲೇ ಅವರು ಎದುರು ಕಟ್ಟಡದ ಮಹಂತೇಶನಿಗೆ ಬುಲಾವ್ ಕಳಿಸಿದರು. ಮಹಂತೇಶ ಇಂದುಶೇಖರನ ಕಚೇರಿಯವನೇ, ಬಾಗಲಕೋಟೆಯವನು. ಹಿಂದೊಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದಿದ್ದನಾದ್ದರಿಂದ ಕಂಪ್ಯೂಟರ್ ಬಲ್ಲವನೆಂದು ಹೆಸರಾಗಿದ್ದ.

"ಆಫ್ ಮಾಡಿ, ಆನ್ ಮಾಡಿ!" ಬೋಜಮ್ಮನ ಮೊದಲ ಆಜ್ಞೆ.

"ಬೇಡ ಆಂಟಿ, ಇದು ಒಂದ್ಸಲ ಮಲಗಿದ್ರೆ ಏಳೋಕೆ ಒಂದು ಗಂಟೆ ಬೇಕು."

"ಸರೀರಿ, ನಾ ನೋಡ್ತೀನಿ" ಎಂದು ಮಹಂತೇಶ ಮೇಜಿನ ಕೆಳಗೆ ನುಗ್ಗಿದ. ಒಳಗಿಂದ ಢಬ್ ಎಂದು ಸದ್ದು, ಆಮೇಲೆ "ಅಯ್ಯಯ್ಯಪ್ಪಾ!" ತಲೆತುಂಬ ಜೇಡರ ಬಲೆ ಹೊತ್ತು ಹೊರಬಂದವನು ತೀರ್ಪು ಕೊಟ್ಟ: "ನೆಟ್ಟಿನ ಡಬ್ಬಿ ಲೈಟೆಲ್ಲಾ ಹಸರ ಅದಾವ್ರೀ. ತೊಂದರೆ ವೈರಿನಾಗ ಐತಿ. ಕಿಟಕಿಯಿಂದ ನೋಡೂಣು."

ಕಿಟಕಿಯ ಹೊರಗೆ ಇಡೀ ಗಲ್ಲಿಯ ವೈರುಗಳು ಎಣ್ಣೆ ಕಾಣದ ತಲೆಗೂದಲಿನಂತೆ ಸಿಕ್ಕುಗಟ್ಟಿ ತೂಗುತ್ತಿದ್ದವು. ಮಹಂತೇಶ ಸೊಂಟದವರೆಗೆ ಹೊರಕ್ಕೆ ಬಗ್ಗಿದ. ಇಂದುಶೇಖರ ಅವನ ಕಾಲುಗಳನ್ನು ತಬ್ಬಿಕೊಂಡ.

"ಕಾಲು ಬಿಡಬ್ಯಾಡ್ರೀ!"

"ಬಿಡಲ್ಲ ಕಣಯ್ಯಾ!"

"ಎಳೀರಿ!" ಬೋಜಮ್ಮ ಗರ್ಜಿಸಿದರು. ಯಾರನ್ನು ಎಳೆಯಬೇಕೆಂದು ಅವರು ಹೇಳಲಿಲ್ಲ. ಮಹಂತೇಶ ವೈರ್ ಎಳೆದ, ಇಂದುಶೇಖರ ಮಹಂತೇಶನನ್ನು ಎಳೆದ, ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು. ಮಹಂತೇಶನ ಕೈಯಲ್ಲಿ ಒಂದು ಮಾರುದ್ದ ವೈರ್ ಬಂದಿತ್ತು.

ಮೊದಲನೇ ಮಹಡಿಯ ಮನೆಯಿಂದ ಚೀತ್ಕಾರ ಕೇಳಿಸಿತು. ಮರುಕ್ಷಣ ಭಾಟಿಯಾ ಆಂಟಿ ಬಟಾಣಿ ಸುಲಿಯುತ್ತಿದ್ದ ತಟ್ಟೆಯ ಸಮೇತ ಬಾಗಿಲಲ್ಲಿ ನಿಂತಿದ್ದರು. "ಮೇರಾ ಟೀವಿ ಕಿಸ್‌ನೇ ಬಂದ್ ಕಿಯಾ?" ತಮ್ಮ ಟೀವಿ ನಿಲ್ಲಿಸಿದ್ದು ಯಾರೆಂದು ಅವರಿಗೆ ಗೊತ್ತಾಗಬೇಕಿತ್ತು.

"ಆಪ್ ಚುಪ್ ಬೈಠೋ! ಹಮಾರಾ ಆಪರೇಷನ್ ಚಲ್ ರಹಾ ಹೈ!" ಎಂದು ಬೋಜಮ್ಮ ಮುನ್ನುಗ್ಗಿದರು. ತಟ್ಟೆ ಹಾರಿತು. ಬಟಾಣಿ ಮನೆತುಂಬ ಉರುಳಿತು. ಆಗಷ್ಟೇ ಎದ್ದು ನಿಂತಿದ್ದ ಮಹಂತೇಶ ಅದರ ಮೇಲೆ ಕಾಲಿಟ್ಟು ಹಿಮದ ಮೇಲೆ ಜಾರುವವನಂತೆ ಅಡುಗೆಮನೆಯವರೆಗೆ ಹೋದ. ಆಮೇಲೆ ನಾಲ್ವರೂ ಮೊಣಕಾಲೂರಿ ಬಟಾಣಿ ಆರಿಸಿದರು, ಜಗಳವನ್ನೂ ಮುಂದುವರಿಸಿದರು.

ಇಂದುಶೇಖರನಿಗೆ ನಾಚಿಕೆಯಾಗಬೇಕಿತ್ತು. ಆದರೆ ಅವನಿಗೆ ಒಳಗೊಳಗೇ ಹಿತವಾಗುತ್ತಿತ್ತು. ಆ ಮನೆಯಲ್ಲಿ ಒಮ್ಮೆಗೇ ನಾಲ್ಕು ದನಿ ಕೇಳಿಸಿದ್ದು ಅದೇ ಮೊದಲು. ಎಲ್ಲರಿಗೂ ಚಹಾ ಮಾಡಲು ಹೊರಟರೆ ಲೋಟ ಇದ್ದದ್ದು ಎರಡೇ.

ಭಾಟಿಯಾ ಆಂಟಿ ಕರೆಸಿದ ಕೇಬಲ್ ಭಯ್ಯಾ ಹನ್ನೆರಡೂವರೆಗೆ ಬಂದ. ಅವರ ವೈರ್ ಸೇರಿಸಿದ. ಆಮೇಲೆ ಇಂದುಶೇಖರನ ಕಂಪ್ಯೂಟರಿನಲ್ಲಿ ಸುದ್ದಿಯ ಪುಟವೊಂದನ್ನು ತೆರೆದ. ಅದು ಪಟ್ಟನೆ ತೆರೆದುಕೊಂಡಿತು.

"ನೆಟ್ ತೋ ಚಲ್ ರಹಾ ಹೈ, ಸರ್‌ಜೀ. ಸುಬಹ್ ಸೇ ಏಕ್ ಮಿನಿಟ್ ಭೀ ಬಂದ್ ನಹೀ ಹುವಾ." ಬೆಳಿಗ್ಗೆಯಿಂದ ನೆಟ್ ಒಂದು ನಿಮಿಷವೂ ನಿಂತಿರಲಿಲ್ಲವಂತೆ.

"ಮತ್ತೆ ಈ ಭೂಗೋಳ?" ಇಂದುಶೇಖರ ಹಿಂದಿಯಲ್ಲಿ ಕೇಳಿದ.

ಭಯ್ಯಾ ನಕ್ಕ. ಅದು ಸುಳ್ಳು ಹೇಳುತ್ತದಂತೆ. ಈ ಯಂತ್ರ ಆಗಾಗ ದೂರದಲ್ಲೆಲ್ಲೋ ಇರುವ ಒಂದು ಕಂಪ್ಯೂಟರನ್ನು 'ಇದ್ದೀಯಾ?' ಎಂದು ವಿಚಾರಿಸುತ್ತದಂತೆ. ಆ ಒಂದು ಕಡೆಯಿಂದ ಉತ್ತರ ಬಾರದಿದ್ದರೆ ಜಗತ್ತೇ ಇಲ್ಲವೆಂದು ತೀರ್ಮಾನಿಸಿ ಈ ಗುರುತು ಹಾಕಿಬಿಡುತ್ತದಂತೆ. ಅಷ್ಟು ಹೇಳಿ ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ.

"ಹಾಗಾದ್ರೆ ಹನ್ನೊಂದು ಗಂಟೆಗೆ ಮಕ್ಕಳು..." ಎಂದು ಶುರುಮಾಡಿದ ಬೋಜಮ್ಮ ಅಲ್ಲಿಗೇ ನಿಲ್ಲಿಸಿದರು. ಅವರು ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಪರೀಕ್ಷೆ ಇರಬೇಕ್ರೀ ಹುಡುಗರಿಗೆ" ಎಂದ ಮಹಂತೇಶ, ನೆಲ ನೋಡುತ್ತಾ. ಭಾಟಿಯಾ ಆಂಟಿಗೆ ಏನರ್ಥವಾಯಿತೋ, ಒಂದು ಹಿಡಿ ಬಟಾಣಿಯನ್ನು ಮೇಜಿನ ಮೇಲಿಟ್ಟರು. ಒಬ್ಬೊಬ್ಬರಾಗಿ ಹೊರಟರು. ಮನೆ ಮತ್ತೆ ಮೊದಲಿನಂತಾಯಿತು. ಇಂದುಶೇಖರ ಪಾಠದ ಕಿಟಕಿಯನ್ನು ತೆರೆದು ನೋಡುವ ಧೈರ್ಯವಿಲ್ಲದೆ ಕಂಪ್ಯೂಟರಿನ ಸ್ವಿಚ್ಚನ್ನೇ ಆರಿಸಿದ.

ಆಗ ಫೋನ್ ಬಂತು. ವಿಜಯಮ್ಮ.

"ಕ್ಷಮಿಸಿ ಮೇಡಂ" ಎಂದು ಇವನೇ ಮೊದಲು ಬಾಯಿಬಿಟ್ಟ. "ಬೆಳಿಗ್ಗೆಯಿಂದ ನಮ್ಮನೇಲಿ ನೆಟ್ಟೇ ಇರಲಿಲ್ಲ. ಇದ್ದಿದ್ರೆ ಎಲ್ಲ ಮಕ್ಕಳೂ ಬರ್ತಿದ್ರು. ಐದಲ್ಲ, ಆರೇಳು ಜನ..."

"ನೆಟ್ ಇರಲಿಲ್ವಾ? ಏನ್ ಸರ್ ಹೀಗಂತೀರಿ? ಹನ್ನೊಂದೂ ಹತ್ತಕ್ಕೇ ನಾನು ಬಂದೆ. ಮಕ್ಕಳೂ ಬಂದ್ರು. ನಿಮ್ಮ ಕ್ಯಾಮರಾ ಆನ್ ಇತ್ತಲ್ಲ!"

ಇಂದುಶೇಖರ ಕುರ್ಚಿ ಹುಡುಕಿದ.

"ಮೊದಲು ಮೂರೇ ಮಕ್ಕಳು. ಮೇಜಿನ ಕೆಳಗೆ ಒಬ್ಬರು ನುಗ್ಗಿದ್ರಲ್ಲ, ಆಗಿಂದ ಒಬ್ಬರಿಗೊಬ್ಬರು ಹೇಳಿ ಬಟಾಣಿ ಚೆಲ್ಲೋ ಹೊತ್ತಿಗೆ ಹದಿನಾಲ್ಕು! ನಿಮಗೆ ಫೋನ್ ಮಾಡೋಣ ಅಂದ್ರೆ 'ಆಂಟಿ, ಮತ್ ಕರೋ, ಮಜಾ ಆ ರಹಾ ಹೈ' ಅಂತ ಮಕ್ಕಳು ಬಿಡಲೇ ಇಲ್ಲ. ನಮ್ಮ ಮೊಮ್ಮಗಳು ಧನ್ಯಾ ಆರು ತಿಂಗಳಿಂದ ಕ್ಲಾಸಿಗೆ ಬಂದ್ರೂ ಒಂದು ವಾಕ್ಯ ಕನ್ನಡ ಆಡಿರಲಿಲ್ಲ. ಈಗ 'ಕಾಲು ಬಿಡಬ್ಯಾಡ್ರೀ' ಅಂತ ಮನೆಯೆಲ್ಲಾ ಓಡಾಡ್ತಿದ್ದಾಳೆ."

"ಹಾಗಾದ್ರೆ ಕ್ಲಾಸು..." ಇಂದುಶೇಖರ ಫೋನನ್ನು ಕಿವಿಗೆ ಒತ್ತಿಕೊಂಡ. "ನಿಲ್ಲಿಸಲ್ವಾ ಮೇಡಂ?"

"ನಿಲ್ಲಿಸೋದೇ? ಖಂಡಿತ ಇಲ್ಲ! ಆದ್ರೆ ಸರ್..." ವಿಜಯಮ್ಮ ದನಿ ತಗ್ಗಿಸಿದರು. "ತಪ್ಪು ತಿಳೀಬೇಡಿ. ಮಕ್ಕಳಿಗೆ ಆ ದೊಡ್ಡ ದನಿ ಆಂಟಿ, ಆ ಬೀಳೋ ಅಂಕಲ್ ಬೇಕಂತೆ. ಅವರಿಬ್ಬರನ್ನ ಕೂರಿಸಿ ಮಾತಾಡಿಸಿಬಿಡಿ. ಒತ್ತಕ್ಷರ ಎಲ್ಲಾ ಆಮೇಲೆ ನೋಡೋಣ. ನೀವು ಕ್ಯಾಮರಾ ನೋಡ್ಕೊಳ್ಳಿ ಸಾಕು."

ಮುಂದಿನ ಭಾನುವಾರ ಹನ್ನೊಂದಕ್ಕೆ ಹತ್ತೊಂಬತ್ತು ಮಕ್ಕಳು ಬಂದರು. ಬೋಜಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮಹಂತೇಶ ಮಕ್ಕಳ ಒತ್ತಾಯಕ್ಕೆ ಎರಡು ಸಲ ಬಿದ್ದು ತೋರಿಸಿದ. ಒಂದು ಗಂಟೆ ಹೇಗೆ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಕೊನೆಯಲ್ಲಿ ಹತ್ತೊಂಬತ್ತು ಪುಟ್ಟ ಕೈಗಳು ಪರದೆಯ ಮೇಲೆ ಅಲ್ಲಾಡಿದವು.

"ಬೈ ಬೋಜಮ್ಮ ಆಂಟೀ! ಬೈ ಮಹಂತೇಶ್ ಅಂಕಲ್!"

ಕ್ಯಾಮರಾದ ಹಿಂದೆ ನಿಂತಿದ್ದ ಇಂದುಶೇಖರ ತಾನೂ ಕೈ ಎತ್ತಿ ಜೋರಾಗಿ ಬೀಸಿದ.